ಮೂರನೆಯ ಕಂಬ

ನಾನು ನಿಂತಿದ್ದದ್ದು ಹಳ್ಳದ ಹೊಸಪೇಟೆ ಕಡೆಯ ದಂಡೆಯಲ್ಲಿ, ಚಹಾದಂಗಡಿಯ ಪಕ್ಕದ ಬೇವಿನ ಮರದ ಕೆಳಗೆ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಬೆಳಿಗ್ಗೆ, ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಲ್ಲಿಂದ ಕಂಪ್ಲಿ ರಸ್ತೆಯ ಹಳೆಯ ಕಬ್ಬಿಣದ ಸೇತುವೆ ಪೂರ್ತಿ ಕಾಣುತ್ತಿತ್ತು. ಪಕ್ಕದ ಹೊಸ ಸೇತುವೆಯ ಮೇಲೆ ಬಸ್ಸುಗಳು ಓಡಾಡುತ್ತಿದ್ದವು. ಹಳೆಯದನ್ನು ಗ್ಯಾಸ್ ಕಟ್ಟರ್‌ನಿಂದ ಕೊಯ್ದು ಗುಜರಿಗೆ ಸಾಗಿಸುತ್ತಿದ್ದರು.

ಸೇತುವೆಯ ಬದಿಗೆ ನಿಂತ ಕಬ್ಬಿಣದ ಕಂಬಗಳಲ್ಲಿ, ನಮ್ಮ ಕಡೆಯಿಂದ ಎಣಿಸಿದರೆ, ಮೂರನೆಯದು ಅಣ್ಣನದು. ನಾನು ಹೈಸ್ಕೂಲಿನಲ್ಲಿದ್ದಾಗ ಹಳ್ಳ ತುಂಬಿ ಬಂದು ಸೇತುವೆ ಮುಳುಗಿತು. ಸೈಕಲ್ ಮೇಲೆ ದಾಟುತ್ತಿದ್ದ ಅಣ್ಣ ಆ ಕಂಬವನ್ನು ಅಪ್ಪಿ ನಿಂತದ್ದನ್ನು ಊರವರು ಕಂಡರು. ಹಗ್ಗ ತರುವಷ್ಟರಲ್ಲಿ ಅವನಿರಲಿಲ್ಲ. ಹೆಣ ಸಿಗಲಿಲ್ಲ. ನಮ್ಮಲ್ಲಿ ಹೂಳುವ ಪದ್ಧತಿ. ಹೂಳಲು ಏನೂ ಇರದ ಕಾರಣ ಅವ್ವ ಪ್ರತಿ ಅಮಾವಾಸ್ಯೆಗೆ ಆ ಕಂಬಕ್ಕೆ ವಿಭೂತಿ, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದಳು. ಬರುಬರುತ್ತಾ ಕುಂಕುಮ ದಪ್ಪಗಾಗಿ, ಕಾರಣ ಗೊತ್ತಿಲ್ಲದ ಲಾರಿ ಡ್ರೈವರುಗಳೂ ಅದಕ್ಕೆ ಕೈಮುಗಿದು ಹೋಗುತ್ತಿದ್ದರು.

ಕೊಯ್ಯುತ್ತಿದ್ದವನು ರಾಯಚೂರು ಕಡೆಯ ತರುಣ. ಕ್ರೇನಿನ ಸರಪಳಿ ಹಿಡಿದು ಆ ಕಂಬದ ಮುಂದೆ ನಿಂತುಬಿಟ್ಟ.

"ಲೇ, ಮೂರನೇದಕ್ಕ ಹಾಕ್ಲೇ," ಎಂದ ಮೇಸ್ತ್ರಿ.

"ದೇವ್ರೈತ್ರಿ ಇಲ್ಲಿ."

"ಕ್ರೇನಿನ ಬಾಡಿಗಿ ನಿನ್ನ ದೇವ್ರು ಕೊಡ್ತೈತೇನ್ಲೇ? ಜಲ್ದಿ ಹಾಕು."

ನಾನು ಹತ್ತಿರ ಹೋಗಿ ಹೇಳಿದೆ: "ಅದು ದೇವ್ರಲ್ಲಪ್ಪ. ನಮ್ಮಣ್ಣ ತೀರಿಕೊಂಡ ಜಾಗ. ನಮ್ಮವ್ವ ಕುಂಕುಮ ಹಚ್ತಾಳ, ಅಷ್ಟ. ಹಾಕು."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಹಂಗಾದ್ರ ಇನ್ನೂ ಮುಟ್ಟಂಗಿಲ್ರಿ. ನಿಮ್ಮವ್ವಾರ್ನ ಕರೀರಿ. ಒಂದ್ ಕಾಯಿ ಒಡೀಲಿ, ಆಮ್ಯಾಲ ಕೊಯ್ತೀನಿ. ಕುಂಕುಮ ಇರೋ ತುಂಡು ನಿಮಗಾ ಕೊಡ್ತೀನಿ, ಒಯ್ರಿ."

ಅವ್ವನಿಗೆ ಫೋನ್ ಮಾಡಿದೆ. ಕಾಯಿ ಹಿಡಿದು ಆಟೋದಲ್ಲಿ ಬರುತ್ತೇನೆ ಎಂದಳು. ನಾನು ಬೇವಿನ ಮರದ ಕೆಳಗೆ ಹಿಂದಿರುಗಿದೆ.

ಅವ್ವ ಬರುವತನಕ ಕೆಲಸ ನಿಲ್ಲಬಾರದೆಂದು ಆ ತರುಣ ಸರಪಳಿಯನ್ನು ನಾಲ್ಕನೆಯ ಕಂಬಕ್ಕೆ ಸುತ್ತಿದ. ಮೇಲಿನ ತೊಲೆಯನ್ನೇರಿ ಆಚೆ ತುದಿಯನ್ನು ಕೊಯ್ಯತೊಡಗಿದ. ನನ್ನ ಹಿಂದೆ ಆಟೋ ಬಂದು ನಿಂತಿತು. ಆಗ ಕಬ್ಬಿಣ ಉದ್ದಕ್ಕೆ ಕಿರುಗುಟ್ಟಿತು. ಇಡೀ ಸೇತುವೆ ಪಕ್ಕಕ್ಕೆ ಹೊರಳಿ, ಅವನನ್ನು ಅಡಿಗೆ ಹಾಕಿಕೊಂಡು ಹಳ್ಳಕ್ಕೆ ಬಿತ್ತು. ಸರಪಳಿ ಮೂರನೆಯ ಕಂಬಕ್ಕೇ ಇದ್ದಿದ್ದರೆ ಬೀಳುತ್ತಿರಲಿಲ್ಲವೇ? ನನಗೆ ತಿಳಿಯದು. ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ.

ಸಂಜೆ ಅವನ ಹೆಣವನ್ನು ಹೊರತೆಗೆದು ಊರಿಗೆ ಕಳಿಸಿದರು. ಕಬ್ಬಿಣವೆಲ್ಲ ಲಾರಿಗಳಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಹೋಯಿತು, ಕುಂಕುಮದ ಕಂಬವೂ. ತುಂಡು ಬೇಕೆಂದು ಅವ್ವ ಕೇಳಲಿಲ್ಲ. ಬಹಳ ದಿನಗಳ ಮೇಲೆ, ಅಕ್ಕಿ ಆರಿಸುತ್ತಾ ಕೇಳಿದಳು:

"ಆ ಹುಡುಗನ ಅವ್ವಗ ಜಾಗ ಯಾವ್ದಂತ ಯಾರರ ತೋರಿಸ್ಯಾರೇನು?"

"ಇಲ್ಲವ್ವ. ಆಕಿ ಇಲ್ಲೀತನ ಬಂದೇ ಇಲ್ಲ."

ಈಗ ಅಮಾವಾಸ್ಯೆಗೆ ಅವ್ವ ಹಳೆಯ ಸೇತುವೆಯಿದ್ದ ದಂಡೆಯಲ್ಲಿ ಉಳಿದ ಕಲ್ಲಿನ ಮೇಲೆ ಎರಡು ಕಾಯಿ ಒಡೆಯುತ್ತಾಳೆ.

ಅಂದು ಕಂಡವರಲ್ಲಿ ಮೇಸ್ತ್ರಿ ತೀರಿಕೊಂಡಿದ್ದಾನೆ. ಇನ್ನೂ ಇರುವವರು ಕ್ರೇನಿನ ಚಾಲಕ, ಚಹಾದಂಗಡಿಯ ಅಜ್ಜಿ, ನಾನು. ಮತ್ತು ಕಾಯಿ ಹಿಡಿದು ಆಟೋದಿಂದ ಒಂದು ಕಾಲು ಕೆಳಗಿಟ್ಟಿದ್ದ ಅವ್ವ.