ಬೀಜಕ್ಕೆ ಬಿಟ್ಟ ಬದನೆ

ನಾನು ಚಿಕ್ಕವನಿದ್ದಾಗ ಕಂಡದ್ದನ್ನೆಲ್ಲ ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಂದು ಭಾನುವಾರ ಅಪ್ಪನ ಜೊತೆ ಕಾಪುವಿನ ಹತ್ತಿರ ದೊಡ್ಡಮ್ಮನ ತರಕಾರಿ ಗದ್ದೆಗೆ ಹೋದಾಗಲೂ ಬರೆದೆ: ಬದನೆ ಅರವತ್ತೆರಡು ಗಿಡ, ಅಲಸಂಡೆ ನಾಲ್ಕು ಸಾಲು, ಹರಿವೆ ಸೊಪ್ಪು ಮೂರು ಪಾತಿ.

ಭತ್ತ ಕೊಯ್ದ ಗದ್ದೆಯಲ್ಲೇ ದೊಡ್ಡಮ್ಮ ತರಕಾರಿ ಬೆಳೆಸುತ್ತಿದ್ದರು. ಸೆಗಣಿ, ಸುಡುಮಣ್ಣು ಬಿಟ್ಟರೆ ಬೇರೆ ಗೊಬ್ಬರವಿಲ್ಲ. ಭತ್ತದ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ನೀರು ಹೊಯ್ದಲ್ಲಿ ಬಿಸಿಮಣ್ಣಿನ ವಾಸನೆ ಏಳುತ್ತಿತ್ತು.

ಅದು ಬದನೆಯ ಕೊನೆಯ ಫಸಲು; ಗಿಡಗಳು ಒಣಗುತ್ತಿದ್ದವು, ಸಣ್ಣ ಕಾಯಿಗಳು ಇನ್ನು ಬಲಿಯುವಂತಿರಲಿಲ್ಲ. ಒಂದೇ ಒಂದು ದೊಡ್ಡ ಗುಂಡು ಕಾಯಿಯ ತೊಟ್ಟಿಗೆ ಹಳೆ ಸೀರೆಯ ಚೂರು ಕಟ್ಟಿತ್ತು. ಅದು ಬೀಜಕ್ಕೆ ಬಿಟ್ಟದ್ದು, ಗಿಡದಲ್ಲೇ ಹಳದಿಯಾಗಬೇಕು. ಬೀಜಕ್ಕೆಂದು ಬಿಟ್ಟ ಉಳಿದ ಕಾಯಿಗಳನ್ನು ನವಿಲು ಕುಕ್ಕಿತ್ತು. ತನ್ನ ಅತ್ತೆಯ ಕಾಲದಿಂದ ಬಂದ ಹಸಿರು ಬದನೆಯ ತಳಿ, ಬೇರೆ ಯಾರಲ್ಲೂ ಇಲ್ಲ, ಬೇರೇನು ಬೇಕಾದರೂ ಕೊಯ್ಯಿರಿ ಎಂದು ಹೇಳಿ ದೊಡ್ಡಮ್ಮ ಬಾವಿಗೆ ಹೋದರು.

ಅಪ್ಪ ಅದನ್ನೇ ಕೊಯ್ದ. ಕಚೇರಿಯ ಸಾಹೇಬರಿಗೆ ಕೊಡಲು ದೊಡ್ಡ ಕಾಯಿಯೇ ಬೇಕಿತ್ತು. ಬಟ್ಟೆಯ ಚೂರನ್ನು ಹರಿವೆಯೊಳಗೆ ಎಸೆದ. ದೊಡ್ಡಮ್ಮ ಬಂದು ಬರಿದಾದ ತೊಟ್ಟು ನೋಡಿದಾಗ ಅಪ್ಪ ನನ್ನ ಕಡೆ ಕೈ ತೋರಿಸಿದ.

"ಮಕ್ಕಳು. ಎಂತ ಮಾಡುವುದು ಅತ್ತಿಗೆ?"

ನನ್ನ ಕಿವಿ ಬಿಸಿಯಾಯಿತು. ಪುಸ್ತಕ ತೆರೆದು ದೊಡ್ಡಮ್ಮನ ಮುಂದೆ ಹಿಡಿದೆ. ಅಪ್ಪ ಕೊಯ್ಯುತ್ತಿದ್ದಾಗಲೇ ಬರೆದಿದ್ದೆ: 'ಅಪ್ಪ ಕೊಯ್ದದ್ದು: ಹದಿನೇಳು. ಅದರಲ್ಲಿ ಬೀಜದ್ದು: ಒಂದು.'

ದೊಡ್ಡಮ್ಮ ಓದಿದರು. ಅಪ್ಪನ ಚೀಲದಿಂದ ಆ ಕಾಯಿ ತೆಗೆದು ಕತ್ತಿಯಿಂದ ಸೀಳಿದರು. ಒಳಗಿನ ಬೀಜ ಇನ್ನೂ ಬಿಳಿ, ಮೆತ್ತಗೆ, ಬಿತ್ತಿದರೆ ಹುಟ್ಟುವಂಥದ್ದಲ್ಲ. ಎರಡು ಹೋಳನ್ನೂ ಮತ್ತೆ ಅದೇ ಚೀಲಕ್ಕೆ ಹಾಕಿದರು.

"ತೆಗೆದುಕೊಂಡು ಹೋಗು. ಇನ್ನು ಇದು ತಿನ್ನಲಿಕ್ಕೇ. ಕೊಯ್ದದ್ದು ಒಂದು ತಪ್ಪು, ಮಗುವಿನ ಮೇಲೆ ಹಾಕಿದ್ದು ಇನ್ನೊಂದು. ಎರಡನೆಯದನ್ನು ನಾನು ಮರೆಯುವುದಿಲ್ಲ."

ಬಸ್ಸು ಕಟಪಾಡಿಯಲ್ಲಿ ನಿಂತಾಗ ಅಪ್ಪ ಕಡಲೆ ಕೊಡಿಸಿದ; ನಾನು ಮುಟ್ಟಲಿಲ್ಲ. ಮರುವರ್ಷ ಆ ಗದ್ದೆಯಲ್ಲಿ ಅಂಗಡಿಯ ಬೀಜದ ಪೊಟ್ಟಣದಿಂದ ಬೆಳೆದ ನೇರಳೆ ಬದನೆ ಇತ್ತು.

ಮೊಮ್ಮಕ್ಕಳೇ, ಮಣಿಪಾಲದ ನಿಮ್ಮ ಮನೆಯಲ್ಲಿ ಫೋನು ಒತ್ತಿದರೆ ಬದನೆ ಬಾಗಿಲಿಗೆ ಬರುತ್ತದೆ. ಊಟದ ಹೊತ್ತಿಗೆ ನೀವು ಅದನ್ನು ತಟ್ಟೆಯ ಅಂಚಿಗೆ ತಳ್ಳುತ್ತೀರಿ. ತಳ್ಳಿರಿ, ಪರವಾಗಿಲ್ಲ; ನಾಳೆ ಇನ್ನೊಂದು ಬರುತ್ತದೆ. ಆದರೆ ದೊಡ್ಡಮ್ಮನ ಬದನೆ ಹೇಗಿತ್ತು ಎಂದು ನಿನ್ನೆ ಕೇಳಿದಿರಲ್ಲ, ನಿಮಗೆ ಬಡಿಸಲು ನನ್ನಲ್ಲಿ ಮಾತು ಬಿಟ್ಟು ಏನೂ ಇಲ್ಲ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ನನ್ನ ಸಿಟ್ಟು ಹೋಗಿಲ್ಲ.