ಎಂಟೆಂದು ಹೇಳಿಕೊಂಡ ಕಾಲು

ಟೈಲರಕ್ಕನ ಟೇಪಿನ ಮುಂದೆ ಸುಳ್ಳು ಹೇಳಿ ಗೆದ್ದವರು ಯಾರೂ ಇಲ್ಲ. ಆಸ್ಪತ್ರೆಯ ನರ್ಸುಗಳು, ಹೋಟೆಲಿನ ಅಡುಗೆಯವರು, ಕಾರ್ಖಾನೆಯ ಕಾವಲುಗಾರರು, ಹೀಗೆ ಕೆಲಸಕ್ಕೆ ಸಮವಸ್ತ್ರ ಹಾಕಲೇಬೇಕಾದವರೆಲ್ಲ ಅವಳ ಅಂಗಡಿಗೆ ಬಂದು ಕನ್ನಡಿಯ ಮುಂದೆ ನಿಲ್ಲುತ್ತಾರೆ. ನಿಂತವರು ಮಾಡುವ ಮೊದಲ ಕೆಲಸವೆಂದರೆ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದು. ಆ ಹೊಟ್ಟೆಯನ್ನು ನಂಬಿ ಪ್ಯಾಂಟು ಹೊಲಿದರೆ ಎರಡನೇ ದಿನವೇ ಗುಂಡಿ ಹಾರಿಹೋಗುತ್ತದೆ, ಬೈಗುಳ ಮಾತ್ರ ಟೈಲರಕ್ಕನಿಗೆ ಬರುತ್ತದೆ. ಅದಕ್ಕೇ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಟೇಪನ್ನು ಸೊಂಟಕ್ಕೆ ಸಡಿಲವಾಗಿ ಸುತ್ತಿ, ಏನೂ ಅರಿಯದವಳ ಹಾಗೆ, "ನಿಮ್ಮನೆ ಎಲ್ಲಿ ಬರುತ್ತೆ?" ಎಂದು ಕೇಳುತ್ತಿದ್ದಳು. ದಾರಿ ಹೇಳುವುದಕ್ಕೆ ಉಸಿರು ಬೇಕು. ಮೊದಲ ತಿರುವು ಹೇಳುವಾಗ ಎದೆ ಇಳಿಯುತ್ತದೆ, ಎರಡನೇ ತಿರುವಿಗೆ ಬರುವಷ್ಟರಲ್ಲಿ ಹೊಟ್ಟೆ ತನ್ನ ಸ್ವಂತ ಜಾಗಕ್ಕೆ ಬಂದು ಕೂತಿರುತ್ತದೆ. ಆಗ ಟೇಪು ಎಳೆದು ಅಂಕಿ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಇಂಥ ಟೈಲರಕ್ಕ ತಾನು ಶೂ ಅಂಗಡಿಗೆ ಹೋದಾಗ ಮಾತ್ರ ಕಣ್ಣು ಮಿಟುಕಿಸದೆ "ಎಂಟು" ಎನ್ನುತ್ತಿದ್ದಳು.

ಅವಳ ಕಾಲು ಎಂಟನ್ನು ದಾಟಿ ಎಷ್ಟೋ ಕಾಲವಾಗಿತ್ತು. ಆದರೆ ಹೆಂಗಸರ ಶೂಗಳ ಸಾಲು ಎಂಟಕ್ಕೇ ಮುಗಿಯುತ್ತದೆ. ಮುಗಿದ ಮೇಲೆ ನಿಂತುಕೊಂಡು ಇನ್ನೇನನ್ನು ಕೇಳುವುದು? ಅಂಗಡಿಯವರು ಅನುಮಾನಪಟ್ಟು ಅಳತೆಯ ಪಟ್ಟಿ ತಂದರೆ ಅವಳು ಕಾಲ್ಬೆರಳುಗಳನ್ನು ಒಳಕ್ಕೆ ಮಡಚಿ, ಪಾದವನ್ನು ಕಮಾನಿನಂತೆ ಬಗ್ಗಿಸಿ, ಎಂಟೂವರೆಯ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದಳು. ಹೊಟ್ಟೆ ಎಳೆದುಕೊಳ್ಳುವವರನ್ನು ನೋಡಿ ನಗುತ್ತಿದ್ದವಳಿಗೆ ತಾನು ಮಾಡುತ್ತಿರುವುದೂ ಅದೇ ಎಂದು ಹೊಳೆದಿರಲಿಲ್ಲ. ಹೊಳೆದರೂ ಒಪ್ಪಿಕೊಳ್ಳುವ ಜಾಯಮಾನ ಅವಳದ್ದಲ್ಲ.

ಅವಳಿಗೆ ಹನ್ನೆರಡು ವರ್ಷವಾದಾಗ ಅಣ್ಣ ದೋಣಿ ಎಂದು ಹೆಸರಿಟ್ಟಿದ್ದ, ಒಂದಲ್ಲ, ಜೋಡಿ ದೋಣಿ. ಅತ್ತರೆ ಇನ್ನೂ ಕಾಡಿಸುತ್ತಾರೆಂದು ತಿಳಿದ ದಿನವೇ ಅವಳು ಅಳುವುದನ್ನು ಬಿಟ್ಟು, ಬೇರೆಯವರು ಬಾಯಿ ತೆರೆಯುವ ಮೊದಲೇ ತಾನೇ ತಮಾಷೆ ಮಾಡುವುದನ್ನು ಕಲಿತಳು. ಮದುವೆಯಾದ ಹೊಸದರಲ್ಲಿ ಬಾಗಿಲ ಬಳಿ ಇದ್ದ ಗಂಡನ ಚಪ್ಪಲಿಗೆ ಕಾಲು ತೂರಿಸಲು ಹೋದರೆ ಹಿಮ್ಮಡಿ ಹೊರಗೇ ಉಳಿಯಿತು. ಗಂಡ ಪಾಪ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಿತಭಾಷಿ. ನೋಡಿಯೂ ನೋಡದವನಂತೆ ಒಳಗೆ ಹೋದ. ಟೈಲರಕ್ಕನೇ ಮಾರನೆಯ ದಿನ ಬಂದ ಗಿರಾಕಿಗಳಿಗೆಲ್ಲ, ಹಿಮ್ಮಡಿಯನ್ನು ಬೀದಿಯಲ್ಲಿ ಬಿಟ್ಟು ನಡೆಯುವ ಹೆಂಗಸು ತಾನೊಬ್ಬಳೇ ಎಂದು ಹೇಳಿ ನಗಿಸಿದಳು.

ಚಪ್ಪಲಿಯಲ್ಲಿ ಹೇಗೋ ನಡೆಯುತ್ತಿತ್ತು. ತೊಂದರೆ ಶುರುವಾದದ್ದು ಅವಳು ಓಡಲು ಶುರುಮಾಡಿದ ಮೇಲೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಬೆನ್ನುನೋವಿಗೆಂದು ಬೆಳಿಗ್ಗೆ ಮೈದಾನದ ಸುತ್ತ ನಡೆಯಲು ಹೋದವಳು, ಒಂದು ದಿನ ನಾಯಿ ಬೆನ್ನು ಹತ್ತಿದ್ದರಿಂದ ಅರ್ಧ ಸುತ್ತು ಓಡಿದಳು. ನಾಯಿ ನಿಂತ ಮೇಲೂ ಅವಳು ನಿಲ್ಲಲಿಲ್ಲ. ದಿನವಿಡೀ ಬೇರೆಯವರ ತೋಳು, ಬೇರೆಯವರ ಸೊಂಟ, ಬೇರೆಯವರ ಅವಸರ. ಬೆಳಗಿನ ಆ ನಲವತ್ತು ನಿಮಿಷ ಮಾತ್ರ ಅವಳದ್ದು. ಅವಳಿಗೆ ಅದು ತುಂಬಾ ಇಷ್ಟವಾಯಿತು. ಎರಡು ವರ್ಷದಲ್ಲಿ ಒಂದು ಸುತ್ತು ಹನ್ನೆರಡಾಯಿತು, ಊರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರನ್ನೂ ಕೊಟ್ಟಳು.

ಇತ್ತ ಎಂಟನೇ ನಂಬರಿನ ಶೂ ತನ್ನ ಕೆಲಸ ಮಾಡುತ್ತಲೇ ಇತ್ತು. ಮೊದಲು ಹೆಬ್ಬೆರಳಿನ ಉಗುರು ಕಪ್ಪಾಯಿತು. ಅದನ್ನು ಮುಚ್ಚಲು ಕಡುಗೆಂಪು ಬಣ್ಣ ಬಳಿದಳು. ಒಂದೇ ಉಗುರಿಗೆ ಬಣ್ಣವಿದ್ದರೆ ಚೆನ್ನಾಗಿರುವುದಿಲ್ಲವೆಂದು ಉಳಿದ ಒಂಬತ್ತಕ್ಕೂ ಬಳಿದಳು. ಬದುಕಿನಲ್ಲಿ ಮೊದಲ ಸಲ ಕಾಲಿಗೆ ಸಿಂಗಾರ ಮಾಡಿಕೊಂಡ ವಾರವೇ ಆ ಉಗುರು ಬಣ್ಣದ ಸಮೇತ ಕಾಲುಚೀಲದಲ್ಲಿ ಉದುರಿ ಬಿತ್ತು. ಕಾಲಿನ ಡಾಕ್ಟರಮ್ಮ ಪಾದವನ್ನು ಅತ್ತಿತ್ತ ತಿರುಗಿಸಿ ನೋಡಿ, ಶೂವನ್ನೂ ನೋಡಿ, ಇದು ಯಾರ ಶೂ ಎಂದು ಕೇಳಿದರು. ನನ್ನದೇ ಎಂದಳು ಟೈಲರಕ್ಕ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು, ಸಂಜೆಯ ಹೊತ್ತಿಗೆ ಕಾಲು ಊದಿಕೊಂಡಿರುತ್ತದೆ, ಆಗಲೇ ಹೋಗಿ ಅಳತೆ ಕೊಡಬೇಕು ಎಂದು ಬಿಡಿಸಿ ಹೇಳಿದ ಡಾಕ್ಟರಮ್ಮ ಕೊನೆಗೆ, "ಶೂ ಬದಲಾಯಿಸಿ, ಇಲ್ಲಾ ಓಡೋದು ಬಿಡಿ. ಎರಡೂ ಆಗಲ್ಲ ಅನ್ನೋದಾದ್ರೆ ನನ್ನ ಹತ್ರ ಬರಲೇಬೇಡಿ" ಎಂದರು.

ಓಡುವುದನ್ನು ಬಿಡುವ ಮಾತೇ ಇರಲಿಲ್ಲ. ಹಾಗೆಂದು ಅಂಗಡಿಗೆ ಹೋಗಿ ನಿಜವಾದ ನಂಬರು ಹೇಳಿದಳೇ? ಇಲ್ಲ. ಟೈಲರ್ ಆದವಳು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮಾಡಿದಳು. ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚಿ ಅಗಲ ಮಾಡಿದಂತೆ ಶೂವನ್ನೂ ಅಗಲ ಮಾಡಬಹುದೆಂದು ಕೂತಳು. ಎರಡೂ ಶೂಗಳ ಮೂತಿಯನ್ನು ಬ್ಲೇಡಿನಿಂದ ಸೀಳಿ, ನಡುವೆ ಎಲಾಸ್ಟಿಕ್ ಕೊಟ್ಟು, ಮೇಲೆ ಕಾವಲುಗಾರರ ಶರ್ಟಿನಲ್ಲಿ ಉಳಿದ ನೀಲಿ ಬಟ್ಟೆಯ ತೇಪೆ ಇಟ್ಟು, ದಪ್ಪ ಸೂಜಿಯಿಂದ ಎರಡೆರಡು ಹೊಲಿಗೆ ಹಾಕಿದಳು. ಕೆಲಸ ಅಚ್ಚುಕಟ್ಟಾಗಿತ್ತು, ಬಣ್ಣ ಕೂಡ ಹೊಂದಿತ್ತು. ತನ್ನ ಕೈಗೆ ತಾನೇ ಭೇಷ್ ಎಂದುಕೊಂಡಳು.

ಮರುದಿನ ಮೈದಾನದ ಮೂರನೇ ಸುತ್ತಿನಲ್ಲಿ ಎಡಗಾಲಿನ ಹೊಲಿಗೆ ಬಿಟ್ಟಿತು. ಹೆಬ್ಬೆರಳು ತೇಪೆಯನ್ನು ಸರಿಸಿ ಹೊರಗೆ ಬಂದು ಲೋಕ ನೋಡತೊಡಗಿತು. ಅದರ ಹಿಂದೆ ಇನ್ನೆರಡು ಬೆರಳುಗಳೂ ಬಂದವು. ಪಕ್ಕದಲ್ಲಿ ನಡೆಯುತ್ತಿದ್ದ ನಿವೃತ್ತ ಮೇಷ್ಟ್ರು ತುಸು ದೂರ ಗಮನಿಸಿ, ಬಹಳ ಮರ್ಯಾದೆಯಿಂದ, "ಅಮ್ಮಾ, ನಿಮ್ಮ ಬೆರಳು ನಿಮಗಿಂತ ಮುಂದೆ ಓಡ್ತಾ ಇದೆ" ಎಂದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿದರೂ, ಆ ನೆಲಕ್ಕೂ ಈ ಕಾಲು ನುಂಗುವುದು ಕಷ್ಟವೇ ಎಂದುಕೊಂಡು ಟೈಲರಕ್ಕ ಕುಂಟುತ್ತ ಮನೆಗೆ ಬಂದಳು.

ಆ ದಿನ ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆ. ಎದ್ದು ನಿಂತು, ಬೆರಳು ಹೇಗೆ ಇಣುಕಿತೆಂದು ಅಭಿನಯಿಸಿಯೂ ತೋರಿಸಿದಳು. ನರ್ಸೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗದೇ ಇದ್ದವಳು ಒಬ್ಬಳೇ, ಕತ್ತರಿಸುವ ಮೇಜಿನ ಆ ತುದಿಯಲ್ಲಿ ಶಾಲೆಯ ಪುಸ್ತಕ ಹರಡಿಕೊಂಡು ಕೂತಿದ್ದ ಹದಿನಾಲ್ಕು ವರ್ಷದ ಮಗಳು.

ಗಿರಾಕಿಗಳು ಹೋದ ಮೇಲೆ ಟೈಲರಕ್ಕ ಸೀಮೆಸುಣ್ಣ ಹುಡುಕುತ್ತ ಮಗಳ ಪುಸ್ತಕವೊಂದನ್ನು ಎತ್ತಿದಾಗ ಅದರಡಿಯಲ್ಲಿ ಒಂದು ಫಾರಂ ಸಿಕ್ಕಿತು. ಮಗಳು ಶಾಲೆಯ ಓಟದ ತಂಡಕ್ಕೆ ಆಯ್ಕೆಯಾಗಿದ್ದಳು. ತಂಡದವರಿಗೆಲ್ಲ ಶಾಲೆಯೇ ಶೂ ಕೊಡಿಸುತ್ತದಂತೆ, ನಂಬರು ಬರೆದು ನಾಳೆ ಕೊಡಬೇಕಂತೆ. ನಂಬರಿನ ಜಾಗದಲ್ಲಿ ಮಗಳು ಚಿಕ್ಕದಾಗಿ ಏಳು ಎಂದು ಬರೆದಿದ್ದಳು.

ಟೈಲರಕ್ಕ ಬಗ್ಗಿ ಮೇಜಿನಡಿ ನೋಡಿದಳು. ಇಪ್ಪತ್ತೆರಡು ವರ್ಷ ಅಳತೆ ನೋಡಿ ಪಳಗಿದ ಕಣ್ಣು. ಮಗಳ ಪಾದ ಏಳಲ್ಲ, ಎಂಟೂ ಅಲ್ಲ. ಮೇಲಾಗಿ ಯಾರೂ ನೋಡದ ಆ ಜಾಗದಲ್ಲಿ ಕೂಡ, ಬರಿಗಾಲಿನ ಹತ್ತೂ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

"ಇದು ಏಳಲ್ಲ ಕಣೇ" ಎಂದಳು ಟೈಲರಕ್ಕ.

"ನೀನೂ ಎಂಟು ಅಂತ ತಾನೇ ಹೇಳೋದು?" ಎಂದಳು ಮಗಳು. ಪುಸ್ತಕದಿಂದ ತಲೆ ಎತ್ತಲಿಲ್ಲ.

ಟೈಲರಕ್ಕ ಅಭ್ಯಾಸಬಲದಿಂದ ಏನೋ ತಮಾಷೆ ಹೇಳಲು ಹೋದಳು, ದೋಣಿಯ ಮಗಳೂ ದೋಣಿಯೇ ಎಂದೋ ಏನೋ. ಅಷ್ಟರಲ್ಲಿ ಮಗಳೇ ಮಾತಾಡಿದಳು.

"ನಿನ್ನ ಕಾಲು ನೋಡಿ ಎಲ್ಲರೂ ನಗ್ತಾರೆ ಅಮ್ಮ. ಎಲ್ಲರಿಗಿಂತ ಮೊದಲು ನೀನೇ ನಗ್ತೀಯ. ನನಗೆ ಹಾಗೆ ನಗೋಕೆ ಬರಲ್ಲ."

ತನ್ನ ನಗು ತನ್ನನ್ನು ಕಾಪಾಡಿದೆ ಎಂದೇ ಟೈಲರಕ್ಕ ಇಷ್ಟು ವರ್ಷ ತಿಳಿದಿದ್ದಳು. ಮೇಜಿನ ಆ ತುದಿಯಲ್ಲಿ ಕೂತ ಹುಡುಗಿ ದಿನವೂ ಅದನ್ನು ಕೇಳಿಸಿಕೊಂಡು, ಇಂಥ ಕಾಲು ಇರುವುದೇ ನಗುವುದಕ್ಕೆ ಎಂದು ಪಾಠ ಕಲಿತಿದ್ದಳು. ಈ ಫಾರಂ ಹೀಗೆಯೇ ಹೋದರೆ ಮಗಳ ಉಗುರುಗಳೂ ಕಪ್ಪಾಗುತ್ತವೆ, ಒಂದಲ್ಲ ಒಂದು ದಿನ ಅವಳೂ ಓಟ ಬಿಡುತ್ತಾಳೆ. ತನ್ನ ಓಟದ ಚಿಂತೆ ಒಂದು ಕ್ಷಣ ಮರೆತೇಹೋಯಿತು. ಟೈಲರಕ್ಕನಿಗೆ ನಾಚಿಕೆಯಾಯಿತು, ಈ ಸಲ ಕಾಲಿನ ಬಗ್ಗೆ ಅಲ್ಲ. ಟೇಪನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು, ಫಾರಂ ಸಮೇತ ಮಗಳನ್ನು ಹೊರಡಿಸಿಕೊಂಡು ಅಂಗಡಿಯ ಬಾಗಿಲೆಳೆದಳು. ಹೇಗೂ ಸಂಜೆಯಾಗಿತ್ತು, ಕಾಲು ಚೆನ್ನಾಗಿ ಊದಿಕೊಂಡಿತ್ತು.

ಶೂ ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಅಂಗಡಿಯಾಕೆ ನಡುವಯಸ್ಸಿನವಳು, ಅವಸರವಿಲ್ಲದ ಹೆಂಗಸು. ನಂಬರು ಎಷ್ಟೆಂದು ಕೇಳಿದಾಗ ಟೈಲರಕ್ಕ ನಾಲಿಗೆಯ ತುದಿಗೆ ಬಂದ ಎಂಟನ್ನು ನುಂಗಿಕೊಂಡು, ಅಳೆದು ನೋಡಿ ಎಂದಳು. ಅಂಗಡಿಯಾಕೆ ಜಾರುವ ತಗಡಿದ್ದ ಅಳತೆಯ ಹಲಗೆಯನ್ನು ನೆಲಕ್ಕಿಟ್ಟಳು. ಟೈಲರಕ್ಕ ಧೈರ್ಯವಾಗಿಯೇ ಕಾಲಿಟ್ಟಳು. ಆದರೆ ಮೂವತ್ತು ವರ್ಷ ಮಡಚಿದ ಬೆರಳುಗಳಿಗೆ ಅವಳ ಧೈರ್ಯದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಹಲಗೆ ತಾಗಿದ್ದೇ ತಡ, ತಾವಾಗಿಯೇ ಒಳಕ್ಕೆ ಸರಿದುಕೊಂಡವು.

ಅಂಗಡಿಯಾಕೆ ತಗಡು ಸರಿಸಿ, ಎಂಟೂವರೆ ಎಂದಳು. ಟೈಲರಕ್ಕ ಬೆರಳು ಬಿಡಲು ನೋಡಿದಳು, ಆಗಲಿಲ್ಲ. ಬಿಡು ಬಿಡು ಎಂದಷ್ಟೂ ಅವು ಬಿಗಿಯಾದವು.

ಆಗ ಮಗಳು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅಮ್ಮನ ಕುತ್ತಿಗೆಯಿಂದ ನೇತಾಡುತ್ತಿದ್ದ ಟೇಪಿನ ತುದಿಯನ್ನು ಹಿಡಿದು, ಹೊಲಿಗೆ ಅಂಗಡಿಯಲ್ಲಿ ಸಾವಿರ ಸಲ ಕೇಳಿದ್ದ ಅದೇ ದನಿಯಲ್ಲಿ, ಏನೂ ಅರಿಯದವಳ ಹಾಗೆ ಕೇಳಿದಳು.

"ಮೇಡಂ, ನಿಮ್ಮನೆ ಎಲ್ಲಿ ಬರುತ್ತೆ?"

ಟೈಲರಕ್ಕನಿಗೆ ನಗು ಬಂತು. ಕೇಳಿದ ಮೇಲೆ ಹೇಳಬೇಕಲ್ಲ.

"ಇಲ್ಲಿಂದ ಸೀದಾ ಹೋಗಿ" ಎಂದು ಶುರುಮಾಡಿದಳು. "ಔಷಧಿ ಅಂಗಡಿ ಸಿಗುತ್ತೆ, ಅಲ್ಲಿ ಎಡಕ್ಕೆ. ಒಂದು ಹಳೇ ನೀರಿನ ಟ್ಯಾಂಕ್ ಇದೆ. ಅದನ್ನ ದಾಟಿ ಬಲಕ್ಕೆ ತಿರುಗಿದ್ರೆ..."

ಎರಡನೇ ತಿರುವಿನಲ್ಲಿ ಕಿರುಬೆರಳು ಬಿಟ್ಟಿತು. ಅದರ ಹಿಂದೆಯೇ ಉಳಿದವೂ ಒಂದೊಂದಾಗಿ ಮೈ ಚಾಚಿದವು. ಉಗುರಿಲ್ಲದ ಹೆಬ್ಬೆರಳು ಕೊನೆಗೆ ಬಂದು ಹಲಗೆಯ ಮೇಲೆ ಮಲಗಿತು. ಅಂಗಡಿಯಾಕೆ ತಗಡನ್ನು ಹಿಂದಕ್ಕೆ ಸರಿಸಿದಳು, ಇನ್ನೂ ಸರಿಸಿದಳು.

"ಹತ್ತು" ಎಂದಳು, ಬೇರೆ ಯಾರಿಗೂ ಕೇಳದಂತೆ ಮೆಲ್ಲಗೆ.

"ಹತ್ತು" ಎಂದಳು ಟೈಲರಕ್ಕ, ಎಲ್ಲರಿಗೂ ಕೇಳುವಂತೆ. ಬೆಂಚಿನ ಮೇಲೆ ಕೂತು ಶೂ ಹಾಕಿ ನೋಡುತ್ತಿದ್ದ ಗಂಡಸೊಬ್ಬ ತಿರುಗಿ ನೋಡಿ, ಮತ್ತೆ ತನ್ನ ದಾರ ಕಟ್ಟಿಕೊಳ್ಳತೊಡಗಿದ. ಅಷ್ಟೇ. ಮೂವತ್ತು ವರ್ಷ ಹೆದರಿದ್ದು ಇಷ್ಟಕ್ಕೆಯೇ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಹತ್ತನೇ ನಂಬರು ಗಂಡಸರ ಸಾಲಿನಲ್ಲಿ ಮಾತ್ರ ಇದೆ ಎಂದು ಅಂಗಡಿಯಾಕೆ ಸಂಕೋಚದಿಂದ ಹೇಳಿದಾಗ, ಆ ಸಾಲೂ ಈ ಅಂಗಡಿಯದ್ದೇ ತಾನೇ ಎಂದು ಟೈಲರಕ್ಕ ಕೇಳಿದಳು. ಮೂರು ಜೋಡಿ ಬಂದವು. ಮೊದಲನೆಯದು ಇಕ್ಕಟ್ಟು. ಎರಡನೆಯದರಲ್ಲಿ ಹಿಮ್ಮಡಿ ಪುಳಕ್ಕನೆ ಮೇಲೆದ್ದು ಬರುತ್ತಿತ್ತು. ಮೂರನೆಯದರಲ್ಲೂ ಹಿಮ್ಮಡಿ ತುಸು ಸಡಿಲವೇ, ಗಂಡಸರ ಅಳತೆಯಲ್ಲಿ ಹಿಂಭಾಗ ಅಗಲ. ಅಂಗಡಿಯಾಕೆ ಎಲ್ಲಕ್ಕಿಂತ ಮೇಲಿನ, ಯಾರೂ ಬಳಸದ ತೂತಿಗೆ ದಾರ ಪೋಣಿಸಿ, ಚಿಕ್ಕ ಕುಣಿಕೆ ಮಾಡಿ, ಅದರೊಳಗಿಂದ ದಾರವನ್ನು ಎಳೆದು ಬಿಗಿದಳು. ಹಿಮ್ಮಡಿ ಕೂತಿತು. ಮುಂದೆ ಹೆಬ್ಬೆರಳಿನಷ್ಟು ಜಾಗ ಉಳಿಯಿತು. ಸಡಿಲ ಸೊಂಟಕ್ಕೆ ಡಾರ್ಟಿನ ಮಡಿಕೆ ಹಿಡಿದು ಹೊಲಿದ ಹಾಗಾಯ್ತು ಎಂದು ಟೈಲರಕ್ಕ ಮೆಚ್ಚಿಕೊಂಡಳು. ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಎರಡು ಸಲ ಓಡಿದಳು. ಎಲ್ಲೂ ನೋಯಲಿಲ್ಲ. ನೋವಿಲ್ಲದೆ ಓಡುವುದು ಹೀಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹತ್ತು ಕಿಲೋಮೀಟರ್ ಓಟಕ್ಕೆ ಇನ್ನೂ ಐದು ವಾರವಿತ್ತು.

ತಿರುಗಿ ಬರುವಾಗ ನೋಡಿದರೆ ಮಗಳು ಹಲಗೆಯ ಮೇಲೆ ನಿಂತಿದ್ದಳು. ಟೈಲರಕ್ಕ ಅವಳ ಮನೆ ಎಲ್ಲಿ ಬರುತ್ತದೆಂದು ಕೇಳಲು ಬಾಯಿ ತೆರೆದಳು, ಕೇಳುವ ಅಗತ್ಯ ಬೀಳಲಿಲ್ಲ. ಹತ್ತೂ ಬೆರಳುಗಳು ಹಲಗೆಯ ಮೇಲೆ ಚಾಚಿಕೊಂಡಿದ್ದವು.

"ಒಂಬತ್ತು" ಎಂದಳು ಅಂಗಡಿಯಾಕೆ. "ಇನ್ನೂ ಬೆಳೆಯೋ ಕಾಲು."

ಮಗಳು ಅಮ್ಮನ ಮುಖವನ್ನೇ ನೋಡಿದಳು. ಅಲ್ಲಿಂದ ಬರಬೇಕಾದ ತಮಾಷೆಗಾಗಿ ಕಾದಳು. ಟೈಲರಕ್ಕನ ಬಾಯಲ್ಲಿ ನಾಲ್ಕೈದು ತಮಾಷೆಗಳು ಸಿದ್ಧವಾಗಿಯೇ ಇದ್ದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವಳು ಒಂದನ್ನೂ ಹೇಳಲಿಲ್ಲ. ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು ಮಗಳಿಗೆ ಕೊಟ್ಟಳು.

ಮಗಳು ಚೀಲದಿಂದ ಫಾರಂ ತೆಗೆದು ಮಂಡಿಯ ಮೇಲಿಟ್ಟುಕೊಂಡು ಏಳನ್ನು ಹೊಡೆದುಹಾಕಿದಳು.

"ಜಾಗ ಚಿಕ್ಕದಾಯ್ತು ಅಮ್ಮ" ಎಂದಳು.

"ಪಕ್ಕಕ್ಕೆ ಬರಿ. ದೊಡ್ಡದಾಗೇ ಬರಿ."