ಶಾಂತಲಿಂಗಪ್ಪನ ಎರಡು ಸಾಲು ನಿಂಬೆ

ಅತನೂರಿನ ಶಾಂತಲಿಂಗಪ್ಪ ಯಾರನ್ನೂ ಬೇಗ ನಂಬುವ ಮನುಷ್ಯನಲ್ಲ. ಎತ್ತಿಗೆ ಸೂಜಿ ಹಾಕಲು ಬಂದ ದನದ ಡಾಕ್ಟರರ ಕೈಯಿಂದ ಔಷಧದ ಸೀಸೆ ತೆಗೆದುಕೊಂಡು, ತನಗೆ ಓದಲು ಬಾರದ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನೋಡಿ ಇದ್ದಿಲಿನಿಂದ ಗೋಡೆಯ ಮೇಲೆ ಬರೆದಿಟ್ಟುಕೊಂಡವನು. ಎತ್ತು ಸತ್ತರೆ ಸಾಕ್ಷಿ ಬೇಕಲ್ಲ! ಎತ್ತು ಚೆನ್ನಾಗಿಯೇ ಬದುಕಿತು.

ಇಂಥವನ ನಿಂಬೆ ತೋಟಕ್ಕೆ 1992ರ ಚಳಿಗಾಲದಲ್ಲಿ ಅಫಜಲಪುರದ ಖಾದರಸಾಬ ಬಂದ. ಪಂಪು ರಿಪೇರಿ ಮಾಡಿಕೊಂಡಿದ್ದವನು ಆಗಷ್ಟೇ ಸೊಲ್ಲಾಪುರದಿಂದ ಹನಿ ನೀರಾವರಿಯ ಸಾಮಾನು ತಂದು ಮಾರತೊಡಗಿದ್ದ. ಶಾಂತಲಿಂಗಪ್ಪನ ಬಾವಿ ಬೇಸಿಗೆಯಲ್ಲಿ ಎರಡು ತಾಸು ಪಂಪು ನಡೆಸಿದರೆ ತಳ ಕಾಣುತ್ತಿತ್ತು. ಕಾಲುವೆಗೆ ಬಿಟ್ಟ ನೀರಿನಲ್ಲಿ ಅರ್ಧ ಎರೆಮಣ್ಣಿನ ಬಿರುಕಿಗೇ ಹೋಗಿ, ಕಡೆಯ ಸಾಲುಗಳ ಸರದಿ ಬರಲು ಮೂರು ದಿನ ಬೇಕಾಗುತ್ತಿತ್ತು.

“ಅದೇ ಎರಡು ತಾಸಿನ ನೀರಾಗ ಇಡೀ ತೋಟ ತೋಯಿಸ್ತೇನಿ, ಮಾಲಕ್ರ,” ಎಂದ ಖಾದರಸಾಬ.

“ಹನಿ ಉದುರಿಸಿ? ನಿಮಗ ಪೈಪ್ ಮಾರೂದದ, ಹೇಳ್ತೀರಿ.”

“ಸರಕಾರದವ್ರೂ ಒಂದ್ ಪಾಲು ರೊಕ್ಕ ಕೊಡ್ತಾರ್ರಿ.”

“ಪುಕ್ಕಟೆ ಕೊಡಾವ್ರ ಮ್ಯಾಲೇ ನನಗ ಜಾಸ್ತಿ ಸಂಶಯ!”

ಆದರೂ ಬಾವಿಯ ತಳ ಕಣ್ಣ ಮುಂದೆ ಬಂದಿರಬೇಕು. ಇನ್ನೂರು ಗಿಡಗಳಲ್ಲಿ ನೂರಕ್ಕೆ ಮಾತ್ರ ಒಪ್ಪಿದ. ಹತ್ತು ಗಿಡಗಳ ಹತ್ತು ಸಾಲಿಗೆ ಕರಿ ಪೈಪು ಬಂತು. ಉಳಿದರ್ಧಕ್ಕೆ ಹಳೆಯ ಕಾಲುವೆಯೇ. ಊಟಕ್ಕೆ ಕೂತಾಗಲೆಲ್ಲ ಹೆಂಡತಿ ಸುಭದ್ರಾಬಾಯಿಯ ಮುಂದೆ ಒಂದೇ ಮಾತು: “ನೋಡ್ತಿರು, ಆ ಗಿಡ ಒಣಗಿ ಸಾಯ್ತಾವ.”

ಮಾರ್ಚ್‌ನಲ್ಲಿ, ಕೊಟ್ಟಿಗೆಯ ಪಕ್ಕದ ಎರಡು ಸಾಲು ಹಳದಿಯಾದವು. ಶಾಂತಲಿಂಗಪ್ಪನಿಗೆ ಸಂಕಟವಾಯಿತು, ತಾನು ಹೇಳಿದ್ದೇ ನಿಜವಾಯಿತೆಂದು ಒಳಗೊಳಗೇ ಸಮಾಧಾನವೂ ಆಯಿತು. ಖಾದರಸಾಬನನ್ನು ಕರೆಸಿದ. ಅವನು ಬುಡ ಕೆದರಿ ಮಣ್ಣು ಮೂಸಿ ನೋಡಿದ.

“ನೀರು ಹೆಚ್ಚಾಗಿ ಬೇರು ಕೊಳೀತಾವ್ರಿ, ಮಾಲಕ್ರ.”

“ಹತ್ತೂ ಸಾಲಿಗಿ ಒಂದೇ ಪೈಪು. ಎರಡಕ್ಕಷ್ಟೇ ಹೆಂಗ ಹೆಚ್ಚಾಗ್ತದ? ನಿಮ್ಮ ಸಾಮಾನೇ ಖೊಟ್ಟಿ!”

“ಅಳದು ನೋಡ್ರಿ,” ಎಂದಷ್ಟೇ ಹೇಳಿ ಖಾದರಸಾಬ ಸೈಕಲ್ ಹತ್ತಿದ.

ಶಾಂತಲಿಂಗಪ್ಪ ಅಳೆದ. ಪ್ರತಿ ಸಾಲಿನಲ್ಲೂ ಹನಿ ಬೀಳುವ ಜಾಗಕ್ಕೆ ತಂಬಿಗೆಯಿಟ್ಟು, ಗಡಿಯಾರ ಹಿಡಿದು ಕೂತ. ಎಲ್ಲದರಲ್ಲೂ ನೀರು ಸರಿಸಮ. ನಾಲ್ಕು ಸಲ ಬೇರೆ ಬೇರೆ ಗಿಡದ ಬುಡಕ್ಕೆ ತಂಬಿಗೆ ಇಟ್ಟು ನೋಡಿದರೂ ಅಷ್ಟೇ. ಈಗ ಅನುಮಾನ ಬೇರೆ ಕಡೆ ಹೊರಳಿತು. ಪಕ್ಕದ ಹೊಲದ ಬಸವಂತರಾಯ ಮೊದಲ ದಿನವೇ ಪೈಪು ನೋಡಿ ನಕ್ಕಿದ್ದ. ಕದ್ದು ನೀರು ಹಾಕುವವನು ಅವನೇ ಇರಬಹುದೆ? ಮೂರು ದಿನ ಮನೆಗೂ ಹೋಗದೆ ತೋಟದಲ್ಲೇ ಕಾದ. ಯಾರೂ ಬರಲಿಲ್ಲ. ಆದರೆ ಆ ಮೂರು ದಿನದಲ್ಲಿ ಎರಡೂ ಸಾಲಿನ ಕೆಸರು ಆರತೊಡಗಿತ್ತು. ಅಂದರೆ, ತಾನು ಇಲ್ಲದಾಗ ಯಾರೋ ಬರುತ್ತಾರೆ.

ನಾಲ್ಕನೆಯ ದಿನ ಅಫಜಲಪುರಕ್ಕೆ ಹೋಗುತ್ತೇನೆಂದು ಹೇಳಿ ಹೊರಟ. ಬಂದ ಬಸ್ಸನ್ನು ಹಾಗೇ ಬಿಟ್ಟು, ಹೊಲಗಳ ಬದುವಿನ ಮೇಲೆ ಬಗ್ಗಿ ನಡೆದು ಹಿಂದಿನಿಂದ ತೋಟ ಹೊಕ್ಕ. ಎರಡನೆಯ ಸಾಲಿನಲ್ಲಿ ಸುಭದ್ರಾಬಾಯಿ ಸೊಂಟದ ಮೇಲಿನ ಕೊಡ ಬಗ್ಗಿಸುತ್ತಿದ್ದಳು.

“ಇದನ್ನ ಮಾಡಂತ ಯಾರು ಹೇಳ್ಯಾರ ನಿನಗ?” ಎಂದ.

“ಯಾರ್ ಹೇಳಬೇಕ್ರಿ? ಗಿಡ ಸಾಯ್ತಾವಂತ ನೀವೇ ದಿನಾ ಅಂತಿದ್ರಿ. ಸಸಿ ಇದ್ದಾಗಿಂದ ನಾ ಸಾಕೇನಿ. ಸಾಯೂದು ನೋಡ್ಕೋತ ಹೆಂಗ ಕೂಡ್ಲಿ?”

“ಹತ್ತೂ ಸಾಲಿಗಿ ಹಾಕೀಯೇನು?”

“ಇಲ್ರಿ, ಟೊಂಕ ನಿಲ್ಲಬೇಕಲ್ಲ. ಕೊಟ್ಟಿಗಿ ತೊಟ್ಟಿ ನೀರು ಕೈಗೆಟಕೂ ಇವೆರಡಕ್ಕ ಅಷ್ಟ. ಉಳಿದವನ್ನ ದೇವರ ಮ್ಯಾಲ ಬಿಟ್ಟೇನಿ.”

ಶಾಂತಲಿಂಗಪ್ಪ ಉಳಿದ ಎಂಟು ಸಾಲುಗಳತ್ತ ನೋಡಿದ. ಎಲೆ ಕಡುಹಸಿರು, ಟೊಂಗೆ ತುಂಬ ಪೀಚುಕಾಯಿ. ಹನಿ ಬಿಟ್ಟು ಬೇರೇನೂ ಕುಡಿಯದ ಗಿಡಗಳವು. ಅವನು ಅಂಗಡಿಯವನನ್ನು ಶಂಕಿಸಿದ್ದ, ನೆರೆಯವನನ್ನು ಶಂಕಿಸಿದ್ದ. ಗಿಡ ಕೆಡಿಸಿದ್ದು ಮಾತ್ರ ತನ್ನದೇ ಬಾಯಿಮಾತು. ಕೊಡ ತಾನೇ ಇಸಿದುಕೊಂಡು ಕೆಳಗಿಟ್ಟ.

ಇಪ್ಪತ್ತರಲ್ಲಿ ನಾಲ್ಕು ಗಿಡ ಸತ್ತವು, ಉಳಿದವು ಮೆಲ್ಲಗೆ ಚಿಗುರಿದವು. ಶಾಂತಲಿಂಗಪ್ಪ ಖಾದರಸಾಬನ ಅಂಗಡಿಗೆ ಹೋದ. “ಉಳಿದ ನೂರಕ್ಕೂ ಹಾಕ್ರಿ. ಹಳೇ ರೇಟಿಗೇ!” ಎಂದ. ಖಾದರಸಾಬ ನಕ್ಕು ಚಹಾ ತರಿಸಿದ.

ಮರುವರ್ಷ ಮೇ ತಿಂಗಳಲ್ಲಿ ಎರಡು ತಾಸಿನೊಳಗೆ ಇಡೀ ತೋಟಕ್ಕೂ ನೀರಾಗಿ, ಅರ್ಧ ಎಕರೆ ಬದನೆಗೂ ಮಿಕ್ಕಿತು. ಸಾಲಿನ ನಡುವಿನ ನೆಲ ಒಣಗಿಯೇ ಇದ್ದುದರಿಂದ ಕಳೆ ಕೀಳುವ ಆಳಿನ ಖರ್ಚೂ ಕಡಿಮೆಯಾಯಿತು. ಆದರೆ ಪೈಪಿನಲ್ಲಿ ಕಸ ತಡೆಯುವ ಜಾಲರಿ ತೊಳೆಯುವ ಕೆಲಸಕ್ಕೆ ಸುಭದ್ರಾಬಾಯಿ ಗಂಡನಿಗೆ ಕೈ ಹಾಕಗೊಡುತ್ತಿರಲಿಲ್ಲ.

“ಇವರ ಕೈಯಾಗ ಕೊಟ್ರ, ಒಳಗ ಏನದ ಅಂತ ಬಿಚ್ಚಿ ಬಿಚ್ಚಿ ನೋಡೇ ಹಾಳು ಮಾಡ್ತಾರ್ರಿ,” ಎಂದು ಖಾದರಸಾಬನಿಗೆ ಹೇಳುತ್ತಿದ್ದಳು.